ತಟ್ಟೆಯಲ್ಲಿ ಬೆಳೆಯದ ರೋಗಾಣು

ಮುಂಗಾರು ಹಿಡಿದು ವಾರ ಕಳೆಯುವುದರೊಳಗೆ ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಿಭಾಗದ ಮುಂದೆ ಕೂರಲು ಜಾಗ ಸಿಗುವುದಿಲ್ಲ. ಹೆಗಲ ಮೇಲೆ ಟವೆಲ್, ಟವೆಲಿನ ಮೇಲೆ ಬಾಡಿದ ಮಗು. ‘ನಿನ್ನೆಯಿಂದ ಎಂಟು ಸಲ ಆಯ್ತು ಡಾಕ್ಟ್ರೇ, ಬರೀ ನೀರು’ ಎನ್ನುತ್ತಾಳೆ ತಾಯಿ. ‘ಹಲ್ಲು ಬರೋ ಹೊತ್ತು, ಅದಕ್ಕೇ ಆಗ್ತಿರೋದು’ ಎಂದು ಪಕ್ಕದಿಂದ ಅಜ್ಜಿ. ವೈದ್ಯರು ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಡುತ್ತಾರೆ. ಚರ್ಮ ಥಟ್ಟನೆ ಮೊದಲಿನಂತಾದರೆ ಸಮಾಧಾನ. ನಿಧಾನವಾಗಿ ಇಳಿದರೆ ಮೈಯ ನೀರು ಬತ್ತಿದೆ ಎಂದರ್ಥ. ಕಣ್ಣು ಗುಳಿ ಬಿದ್ದಿದೆಯೇ, ನೆತ್ತಿ ಕುಸಿದಿದೆಯೇ ಎಂದು ನೋಡಿ ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಬರೆದುಕೊಡುತ್ತಾರೆ. ಬಹುಪಾಲು ಮಕ್ಕಳು ವಾರದೊಳಗೆ ಆಡಿಕೊಂಡಿರುತ್ತಾರೆ.

ಇಷ್ಟೆಲ್ಲ ನಡೆಯುವಾಗ ಒಂದು ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ: ಭೇದಿ ತಂದದ್ದು ಯಾವ ರೋಗಾಣು? ಆ ಒಂದು ಮಗುವಿನ ಮಟ್ಟಿಗೆ ಕೇಳದಿದ್ದರೂ ನಡೆಯುತ್ತದೆ. ಯಾವ ರೋಗಾಣುವಾದರೂ ಮೊದಲು ತುಂಬಿಕೊಡಬೇಕಾದದ್ದು ಕಳೆದುಹೋದ ನೀರು ಮತ್ತು ಲವಣವನ್ನೇ. ಆದರೆ ದೇಶದ ಮಟ್ಟಿಗೆ ಕೇಳದಿದ್ದರೆ ನಡೆಯುವುದಿಲ್ಲ. ಜಗತ್ತಿನಲ್ಲಿ ಇವತ್ತಿಗೂ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಯಾವ ಲಸಿಕೆಗೆ ಹಣ ಹಾಕಬೇಕು, ಯಾವ ಆ್ಯಂಟಿಬಯೋಟಿಕ್‌ ಅನ್ನು ಕಾಪಾಡಿಕೊಳ್ಳಬೇಕು ಎಂದು ತೀರ್ಮಾನಿಸುವವರಿಗೆ ಕೊಲ್ಲುತ್ತಿರುವುದು ಯಾವುದು ಎಂದು ತಿಳಿದಿರಲೇಬೇಕು.

ಕೆಲವು ಹೆಸರುಗಳು ನಮಗೆ ಅರ್ಧ ಗೊತ್ತು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದವರು ಸಾಲುಸಾಲಾಗಿ ಆಸ್ಪತ್ರೆ ಸೇರಿ, ಒಬ್ಬ ವಿದ್ಯಾರ್ಥಿನಿ ತೀರಿಕೊಂಡಾಗ ‘ಶಿಗೆಲ್ಲಾ’ ಎಂಬ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂತು. ಎಲ್ಲಿಂದಲೋ ಬಂದ ಹೊಸ ರೋಗವೆಂಬಂತೆ ಜನ ಮಾತಾಡಿಕೊಂಡರು. ಶಿಗೆಲ್ಲಾ ಹೊಸದಲ್ಲ. 1897ರಲ್ಲಿ ಜಪಾನಿನಲ್ಲಿ ರಕ್ತಭೇದಿ ಊರೂರಿಗೆ ಹಬ್ಬಿದಾಗ ಕಿಯೋಶಿ ಶಿಗಾ ಎಂಬ ತರುಣ ವೈದ್ಯ ಅದನ್ನು ಗುರುತಿಸಿದ್ದ. ನಮ್ಮ ಮಕ್ಕಳ ಹೊಟ್ಟೆಯಲ್ಲಿ ಅದು ಎಂದಿನಿಂದಲೂ ಇದೆ. ಎಷ್ಟು ಪ್ರಮಾಣದಲ್ಲಿದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಅದು ತಿಳಿದದ್ದು ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡುವುದರ ಜೊತೆಗೆ ಅವುಗಳ ಡಿಎನ್‌ಎಯನ್ನೇ ಹುಡುಕಲು ಕಲಿತ ಮೇಲೆ.

ಗುಲಾಬಿ ಚುಕ್ಕೆ, ಬಿಳಿ ಚುಕ್ಕೆ

ಮಲಪರೀಕ್ಷೆಗೆಂದು ಪುಟ್ಟ ಡಬ್ಬಿಯಲ್ಲಿ ಕೊಟ್ಟ ಮಾದರಿ ಮೈಕ್ರೋಬಯಾಲಜಿ ಪ್ರಯೋಗಾಲಯ ಸೇರಿದ ಮೇಲೆ ಅಲ್ಲಿನ ತಂತ್ರಜ್ಞೆ ತಂತಿಯ ಸಣ್ಣ ಕುಣಿಕೆಯಲ್ಲಿ ಒಂದಿಷ್ಟು ತೆಗೆದು, ಅಗರ್ ತುಂಬಿದ ಗಾಜಿನ ತಟ್ಟೆಯ ಮೇಲೆ ಹಿಂದೆಮುಂದೆ ಗೆರೆ ಎಳೆಯುತ್ತಾಳೆ. ತಟ್ಟೆ ರಾತ್ರಿಯಿಡೀ 37 ಡಿಗ್ರಿ ಶಾಖದಲ್ಲಿ ಕೂರುತ್ತದೆ. ಬೆಳಿಗ್ಗೆ ನೋಡಿದರೆ ಗೆರೆಯುದ್ದಕ್ಕೂ ಸಾಸಿವೆ ಗಾತ್ರದ ಚುಕ್ಕೆಗಳು. ಒಂದೊಂದು ಚುಕ್ಕೆಯಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ.

ನೂರು ವರ್ಷಕ್ಕೂ ಹಿಂದೆ ಸಿದ್ಧವಾದ ಮೆಕಾಂಕಿ ಅಗರ್ ಈಗಲೂ ಬಳಕೆಯಲ್ಲಿದೆ. ಅದರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಪಿತ್ತದ ಲವಣ, ಬಣ್ಣ ಬದಲಿಸುವ ಒಂದು ರಾಸಾಯನಿಕ ಇರುತ್ತವೆ. ಲ್ಯಾಕ್ಟೋಸ್ ತಿನ್ನುವ ಬ್ಯಾಕ್ಟೀರಿಯಾಗಳ ಚುಕ್ಕೆ ಗುಲಾಬಿಯಾಗುತ್ತದೆ. ಅದನ್ನು ತಿನ್ನಲಾರದ ಸಾಲ್ಮೊನೆಲ್ಲಾ, ಶಿಗೆಲ್ಲಾಗಳ ಚುಕ್ಕೆ ಬಣ್ಣವಿಲ್ಲದೆ ಪೇಲವವಾಗಿ ನಿಲ್ಲುತ್ತದೆ. ಕಾಲರಾ ಹುಡುಕಲು ಹಸಿರು ಬಣ್ಣದ ಇನ್ನೊಂದು ತಟ್ಟೆಯಿದೆ. ಅದರ ಮೇಲೆ ಕಾಲರಾ ಬ್ಯಾಕ್ಟೀರಿಯಾ ಹಳದಿಯಾಗಿ ಬೆಳೆಯುತ್ತದೆ. ಅನುಮಾನದ ಚುಕ್ಕೆಯನ್ನು ಎತ್ತಿ ಇನ್ನಷ್ಟು ಪರೀಕ್ಷೆಗೆ ಒಡ್ಡಿ ಖಚಿತಪಡಿಸುವಷ್ಟರಲ್ಲಿ ಎರಡು ಮೂರು ದಿನ. ಅಷ್ಟು ಹೊತ್ತಿಗೆ ಮಗು ಎಷ್ಟೋ ಸಲ ಮನೆಗೆ ಹೋಗಿರುತ್ತದೆ.

ತಡವಾಗುವುದು ಸಣ್ಣ ತೊಂದರೆ. ದೊಡ್ಡ ತೊಂದರೆಯೆಂದರೆ ಬೆಳೆದು ತೋರಿಸಿಕೊಳ್ಳುವ ಬ್ಯಾಕ್ಟೀರಿಯಾ ಮಾತ್ರ ಈ ಪರೀಕ್ಷೆಗೆ ಸಿಗುತ್ತದೆ. ಶಿಗೆಲ್ಲಾ ಮಗುವಿನ ಕರುಳಲ್ಲಿ ಬಲು ಗಟ್ಟಿ. ನೂರಕ್ಕೂ ಕಡಿಮೆ ಬ್ಯಾಕ್ಟೀರಿಯಾ ಒಳಹೊಕ್ಕರೂ ರೋಗ ತರಬಲ್ಲದು. ಆದರೆ ದೇಹದಿಂದ ಹೊರಬಿದ್ದ ಮೇಲೆ ಬಹಳ ಬೇಗ ಸಾಯುತ್ತದೆ. ಮಾದರಿ ಬಿಸಿಲಲ್ಲಿ, ಬಸ್ಸಿನಲ್ಲಿ ಜಿಲ್ಲಾಸ್ಪತ್ರೆ ತಲುಪುವಷ್ಟರಲ್ಲಿ ಬೆಳೆಯಲು ಏನೂ ಉಳಿದಿರುವುದಿಲ್ಲ. ಕೋಳಿಗಳ ಹೊಟ್ಟೆಯಲ್ಲಿ ವಾಸಿಸುವ ಕ್ಯಾಂಪೈಲೊಬ್ಯಾಕ್ಟರ್‌ಗೆ 42 ಡಿಗ್ರಿ ಶಾಖ ಬೇಕು, ಆಮ್ಲಜನಕ ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಕಡಿಮೆಯಿರಬೇಕು. ಈ ವ್ಯವಸ್ಥೆ ಇರುವ ಪ್ರಯೋಗಾಲಯಗಳು ಕಡಿಮೆ. ಇನ್ನು ಮೆಡಿಕಲ್ ಶಾಪಿನಿಂದ ತಂದ ಆ್ಯಂಟಿಬಯೋಟಿಕ್ ಸಿರಪ್ಪಿನ ಎರಡು ಚಮಚ ಮಗುವಿನ ಹೊಟ್ಟೆಗೆ ಆಗಲೇ ಹೋಗಿದ್ದರಂತೂ ತಟ್ಟೆಯಲ್ಲಿ ಏನೂ ಕಾಣದಿರುವ ಸಾಧ್ಯತೆಯೇ ಹೆಚ್ಚು. ‘ರೋಗಕಾರಕ ಬ್ಯಾಕ್ಟೀರಿಯಾ ಬೆಳೆದಿಲ್ಲ’ ಎಂದು ವರದಿ ಬರುತ್ತದೆ. ಬೆಳೆದಿಲ್ಲ ಎನ್ನುವುದು ನಿಜ. ಇರಲಿಲ್ಲ ಎಂದು ಅದರಿಂದ ಹೇಳಲಾಗದು.

ಕಾಡುಭತ್ತ

ಎಲ್ಲಕ್ಕಿಂತ ಕಷ್ಟದ್ದು ಇ. ಕೊಲೈ. 1885ರಲ್ಲಿ ಥಿಯೊಡೋರ್ ಎಶೆರಿಕ್ ಎಂಬ ಮಕ್ಕಳ ವೈದ್ಯ ಎಳೆಗೂಸುಗಳ ಮಲದಲ್ಲಿ ಇದನ್ನು ಕಂಡ. ಇದು ನಮ್ಮೆಲ್ಲರ ಕರುಳಿನ ಕಾಯಂ ನಿವಾಸಿ, ಬಹುಮಟ್ಟಿಗೆ ನಿರುಪದ್ರವಿ. ಆದರೆ ಇದರದೇ ಕೆಲವು ತಳಿಗಳು ಎಲ್ಲಿಂದಲೋ ವಿಷದ ಜೀನ್‌ಗಳನ್ನು ಪಡೆದುಕೊಂಡು ರೋಗಕಾರಕಗಳಾಗಿವೆ. ಭತ್ತದ ಗದ್ದೆಯಲ್ಲಿ ಕಾಡುಭತ್ತ ಬೆಳೆದಂತೆ: ತೆನೆ ಬರುವ ತನಕ ಪೈರು ಯಾವುದು, ಕಳೆ ಯಾವುದು ಎಂದು ಪಳಗಿದ ಕಣ್ಣಿಗೂ ಗೊತ್ತಾಗುವುದಿಲ್ಲ. ಮೆಕಾಂಕಿ ತಟ್ಟೆಯ ಮೇಲೆ ಸಾಧು ತಳಿಯೂ ಗುಲಾಬಿ, ಅದರ ದುಷ್ಟ ದಾಯಾದಿಯೂ ಗುಲಾಬಿ.

ಈ ದಾಯಾದಿಗಳಲ್ಲಿ ಇಟಿಇಸಿ ಎಂಬ ತಳಿ ಕರುಳ ಗೋಡೆಗೆ ಅಂಟಿಕೊಂಡು ವಿಷ ಸುರಿಯುತ್ತದೆ. ಆ ವಿಷಕ್ಕೆ ಸಿಕ್ಕಿದ ಜೀವಕೋಶಗಳು ಲವಣವನ್ನು ಕರುಳಿನೊಳಕ್ಕೆ ಚೆಲ್ಲುತ್ತವೆ, ಲವಣದ ಹಿಂದೆ ನೀರು ಹರಿಯುತ್ತದೆ. ಇಪಿಇಸಿ ಎಂಬುದು ಕರುಳಿನ ಮೇಲ್ಮೈಯ ಸೂಕ್ಷ್ಮ ಎಳೆಗಳನ್ನು ಸವೆಸುತ್ತದೆ. ಇಎಇಸಿ ಇಟ್ಟಿಗೆ ಜೋಡಿಸಿದಂತೆ ಗುಂಪುಗುಂಪಾಗಿ ಅಂಟಿಕೊಳ್ಳುತ್ತದೆ. ಶಿಗೆಲ್ಲಾದಂತೆಯೇ ಜೀವಕೋಶದೊಳಕ್ಕೆ ನುಗ್ಗುವ ತಳಿಯೂ ಉಂಟು. ನಿಜ ಹೇಳಬೇಕೆಂದರೆ ವಂಶಾವಳಿ ನೋಡಿದರೆ ಶಿಗೆಲ್ಲಾವೇ ಇ. ಕೊಲೈಯ ಒಂದು ಕವಲು. ಬೇರೆ ಹೆಸರು ಉಳಿದದ್ದು ರೂಢಿಯ ಬಲದಿಂದ.

ಕೋಲ್ಕತ್ತಾದ ಶಂಭುನಾಥ ಡೇ ಅವರನ್ನು ಇಲ್ಲಿ ನೆನೆಯಲೇಬೇಕು. 1959ರಲ್ಲಿ ಕಾಲರಾದ ವಿಷವನ್ನು ಮೊಲದ ಕರುಳಿನ ಕುಣಿಕೆಯಲ್ಲಿ ತೋರಿಸಿಕೊಟ್ಟವರು ಎಂದು ಅವರಿಗೆ ಹೆಸರು. ಅದಕ್ಕೂ ಮೂರು ವರ್ಷ ಮೊದಲೇ, 1956ರಲ್ಲಿ, ಭೇದಿಯ ರೋಗಿಗಳಿಂದ ತೆಗೆದ ಕೆಲವು ಕೊಲೈ ತಳಿಗಳೂ ಅದೇ ಮೊಲದ ಕರುಳಲ್ಲಿ ನೀರು ತುಂಬಿಸುತ್ತವೆ ಎಂದು ಅವರು, ಅವರ ಸಹೋದ್ಯೋಗಿಗಳು ಬರೆದಿದ್ದರು. ಇಟಿಇಸಿ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲಿನ ಮಾತು. ಕೆಲಸ ನಡೆದದ್ದು ನಮ್ಮ ದೇಶದ ಸಾಧಾರಣ ಪ್ರಯೋಗಾಲಯದಲ್ಲಿ. ಸಿಗಬೇಕಾದ ಗೌರವ ಅವರ ಜೀವಿತಕಾಲದಲ್ಲಿ ಸಿಗಲಿಲ್ಲ ಎಂಬ ನೋವು ಈ ಕ್ಷೇತ್ರದವರಲ್ಲಿ ಇನ್ನೂ ಇದೆ.

ತಳಿಗಳ ನಡುವಿನ ವ್ಯತ್ಯಾಸ ಇರುವುದು ಜೀನ್‌ಗಳಲ್ಲಿ. ಹಾಗಿದ್ದರೆ ಹುಡುಕಬೇಕಾದದ್ದೂ ಅಲ್ಲೇ.

ಒಂದು ಎಳೆಯಿಂದ ಕೋಟಿ ಎಳೆ

ಪಿಸಿಆರ್ ಎಂಬ ಶಬ್ದ ಕೋವಿಡ್ ಕಾಲದಲ್ಲಿ ನಮ್ಮ ಮನೆಮಾತಾಯಿತು. ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದ, 1993ರಲ್ಲಿ ಅವರಿಗೆ ನೊಬೆಲ್ ತಂದ ಈ ವಿಧಾನದ ತಿರುಳು ಸರಳ. ಡಿಎನ್‌ಎಯ ಜೋಡಿ ಎಳೆಯನ್ನು ಸುಮಾರು 95 ಡಿಗ್ರಿಗೆ ಕಾಯಿಸಿದರೆ ಎಳೆಗಳು ಬಿಡಿಸಿಕೊಳ್ಳುತ್ತವೆ. ತಣಿಸಿದಾಗ, ನಾವು ಹುಡುಕುವ ಜೀನ್‌ಗೆ ಮಾತ್ರ ಹೊಂದುವಂತೆ ತಯಾರಿಸಿದ ಚಿಕ್ಕ ತುಣುಕುಗಳು ಹೋಗಿ ಕೂಡಿಕೊಳ್ಳುತ್ತವೆ. ಆ ತುಣುಕಿನಿಂದ ಶುರುಮಾಡಿ ಒಂದು ಕಿಣ್ವ ಎಳೆಯ ನಕಲು ಹೆಣೆಯುತ್ತದೆ. ಕುದಿಯುವ ಬಿಸಿಗೂ ಹಾಳಾಗದ ಆ ಕಿಣ್ವ ಮೊದಲು ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಗಳ ಬ್ಯಾಕ್ಟೀರಿಯಾದಿಂದ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತದೆ.

ಹುಡುಕುವ ಜೀನ್ ಇಲ್ಲದಿದ್ದರೆ ತುಣುಕು ಕೂಡಿಕೊಳ್ಳುವುದಿಲ್ಲ, ನಕಲೂ ಆಗುವುದಿಲ್ಲ. ಇಟಿಇಸಿ ಬೇಕೆ, ಅದರ ವಿಷದ ಜೀನ್ ಹುಡುಕಿ. ಶಿಗೆಲ್ಲಾ ಬೇಕೆ, ಕೋಶಕ್ಕೆ ನುಗ್ಗಲು ನೆರವಾಗುವ ಐಪಿಎಎಚ್ ಎಂಬ ಜೀನ್ ಹುಡುಕಿ. ಅದರ ಹಲವು ಪ್ರತಿಗಳು ಒಂದೇ ಬ್ಯಾಕ್ಟೀರಿಯಾದಲ್ಲಿ ಇರುವುದರಿಂದ ಬಲು ಕಡಿಮೆ ಸಂಖ್ಯೆಯಲ್ಲಿದ್ದರೂ ಸಿಕ್ಕಿಬೀಳುತ್ತದೆ. ಬ್ಯಾಕ್ಟೀರಿಯಾ ಸತ್ತಿದ್ದರೂ ಡಿಎನ್‌ಎ ಉಳಿದಿದ್ದರೆ ಸಾಕು.

ಮಲದಿಂದ ಡಿಎನ್‌ಎ ತೆಗೆಯುವುದು ಮಾತ್ರ ಸುಲಭದ ಕೆಲಸವಲ್ಲ. ಮೂಗಿನ ದ್ರವದಂತಲ್ಲ ಮಲ. ಪಿತ್ತದ ಲವಣ, ಆಹಾರದ ನಾರು, ಸಕ್ಕರೆಯ ಜಟಿಲ ಸರಪಳಿಗಳು ಕಿಣ್ವದ ಕೈ ಕಟ್ಟಿಹಾಕುತ್ತವೆ. ಅದಕ್ಕೆ ಮಾದರಿಯನ್ನು ಪುಟ್ಟ ಗಾಜಿನ ಮಣಿಗಳ ಜೊತೆ ಕೊಳವೆಗೆ ಹಾಕಿ ರಭಸವಾಗಿ ಕುಲುಕಿ ಜೀವಕೋಶಗಳನ್ನು ಒಡೆಯುತ್ತಾರೆ, ಆಮೇಲೆ ತೊಳೆದು ಶುದ್ಧಗೊಳಿಸುತ್ತಾರೆ. ಮೊದಲೇ ಗೊತ್ತಿರುವ, ಮನುಷ್ಯರಿಗೆ ರೋಗ ತರದ ಒಂದು ವೈರಸ್ಸನ್ನು ಬೇಕೆಂದೇ ಬೆರೆಸುತ್ತಾರೆ. ಕೊನೆಯಲ್ಲಿ ಆ ವೈರಸ್ಸೇ ಪತ್ತೆಯಾಗದಿದ್ದರೆ ಪರೀಕ್ಷೆ ಕೆಟ್ಟಿತು, ಫಲಿತಾಂಶವನ್ನು ನಂಬಬಾರದು. ಭೇದಿಯ ಸಂಶೋಧನೆಗೆ ಬಳಸುವ ಒಂದು ಕಾರ್ಡಿನಲ್ಲಿ 384 ಸಣ್ಣ ಗುಳಿಗಳಿವೆ. ಎಂಟು ಮಕ್ಕಳ ಮಾದರಿ ಒಮ್ಮೆಲೇ ಹಾಕಬಹುದು. ಒಬ್ಬೊಬ್ಬರಿಗೆ 48 ಗುಳಿ. ಪ್ರತಿ ಗುಳಿಯಲ್ಲೂ ಬೇರೆ ಬೇರೆ ಜೀನ್‌ನ ಹುಡುಕಾಟ. ಜೀನ್ ಸಿಕ್ಕಿದ ಗುಳಿ ಬೆಳಕು ಸೂಸುತ್ತದೆ. ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾ, ವೈರಸ್, ಪರೋಪಜೀವಿ ಎಲ್ಲದರ ಲೆಕ್ಕ ಒಟ್ಟಿಗೆ.

ಕರಾಚಿಯಿಂದ ಬಮಾಕೊವರೆಗೆ

ಈ ಕಾರ್ಡು ಏನನ್ನು ಬದಲಿಸಿತು ಎಂದು ತಿಳಿಯಲು ಜೆಮ್ಸ್ ಎಂದು ಕರೆಯುವ ದೊಡ್ಡ ಅಧ್ಯಯನಕ್ಕೆ ಹೋಗಬೇಕು. 2007ರ ಕೊನೆಯಿಂದ 2011ರವರೆಗೆ ಏಳು ಕಡೆ ನಡೆಯಿತು: ಕೋಲ್ಕತ್ತಾ, ಕರಾಚಿ, ಬಾಂಗ್ಲಾದೇಶದ ಮಿರ್ಜಾಪುರ, ಮಾಲಿಯ ಬಮಾಕೊ, ಗ್ಯಾಂಬಿಯಾ, ಕೀನ್ಯಾ, ಮೊಜಾಂಬಿಕ್. ಕೋಲ್ಕತ್ತಾದಲ್ಲಿ ಜವಾಬ್ದಾರಿ ಹೊತ್ತದ್ದು ಕಾಲರಾ ಮತ್ತು ಕರುಳಿನ ರೋಗಗಳ ರಾಷ್ಟ್ರೀಯ ಸಂಸ್ಥೆ. ಐದು ವರ್ಷದೊಳಗಿನ, ಭೇದಿ ತೀವ್ರವಾಗಿ ಆಸ್ಪತ್ರೆಗೆ ಬಂದ 9,439 ಮಕ್ಕಳು ಸೇರಿದರು. ಈ ಅಧ್ಯಯನದ ಜೀವಾಳ ಇನ್ನೊಂದು ಗುಂಪಿನಲ್ಲಿದೆ. ಪ್ರತಿ ರೋಗಿ ಮಗುವಿಗೂ ಹೊಂದುವ ವಯಸ್ಸಿನ, ಅದೇ ಆಸುಪಾಸಿನ, ಭೇದಿಯಿಲ್ಲದ ಮಕ್ಕಳನ್ನು ಮನೆ ಮನೆಗೆ ಹೋಗಿ ಹುಡುಕಿ ಅವರ ಮಲವನ್ನೂ ಸಂಗ್ರಹಿಸಿದರು. ಹೀಗೆ 13,129 ಮಕ್ಕಳು.

2013ರಲ್ಲಿ ಮೊದಲ ಫಲಿತಾಂಶ ಬಂತು. ತೀವ್ರ ಭೇದಿಯಾದ ಮಗು ಮುಂದಿನ ಎರಡು ತಿಂಗಳಲ್ಲಿ ಸಾಯುವ ಸಾಧ್ಯತೆ ನೆರೆಯ ಆರೋಗ್ಯವಂತ ಮಗುವಿಗಿಂತ 8.5 ಪಟ್ಟು ಹೆಚ್ಚು ಎಂಬುದು ಅದರಲ್ಲಿ ಎದೆ ನಡುಗಿಸಿದ ಸಂಗತಿ. ಮುಖ್ಯ ಕಾರಣಗಳು ರೋಟಾವೈರಸ್, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ, ಶಿಗೆಲ್ಲಾ, ಇಟಿಇಸಿ. ಆದರೂ ಭೇದಿಯ ಪ್ರಕರಣಗಳಲ್ಲಿ ಕಾರಣ ತಿಳಿದದ್ದು ಅರ್ಧದಷ್ಟಕ್ಕೆ ಮಾತ್ರ.

ಆ ಅಧ್ಯಯನದಲ್ಲಿ ಇ. ಕೊಲೈ ಹುಡುಕಿದ ಬಗೆ ನೋಡಿ. ತಟ್ಟೆಯ ಮೇಲೆ ಬೆಳೆದ ಗುಲಾಬಿ ಚುಕ್ಕೆಗಳಲ್ಲಿ ಮೂರನ್ನು ಎತ್ತಿ, ಅವುಗಳಲ್ಲಿ ವಿಷದ ಜೀನ್ ಇದೆಯೇ ಎಂದು ಪರೀಕ್ಷಿಸಿದರು. ಅಂದಿನ ಮಟ್ಟಿಗೆ ಅದು ಶಿಸ್ತಿನ ಕ್ರಮವೇ. ಆದರೆ ನೂರಾರು ಚುಕ್ಕೆಗಳಲ್ಲಿ ರೋಗದ ತಳಿ ಆ ಮೂರರ ಹೊರಗೆ ಉಳಿದುಬಿಟ್ಟರೆ?

ವರ್ಜೀನಿಯಾ ವಿಶ್ವವಿದ್ಯಾಲಯದ ಎರಿಕ್ ಹೌಪ್ಟ್ ಅವರ ತಂಡ ಮತ್ತು ಏಳೂ ದೇಶಗಳ ವಿಜ್ಞಾನಿಗಳು ಫ್ರೀಜರ್‌ನಲ್ಲಿ ಕಾದಿರಿಸಿದ್ದ ಮಾದರಿಗಳಲ್ಲಿ 5,304 ರೋಗಿ ಮಕ್ಕಳ, ಅವರಿಗೆ ಜೋಡಿಯಾದ ಆರೋಗ್ಯವಂತ ಮಕ್ಕಳ ಮಲವನ್ನು ಮತ್ತೆ ಹೊರತೆಗೆದರು. ಈ ಸಲ ಡಿಎನ್‌ಎ ಕಾರ್ಡಿನ ಮೇಲೆ. 2016ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ, ಕಾರಣ ಹೇಳಬಹುದಾದ ಭೇದಿಯ ಪ್ರಮಾಣ ಶೇ 51.5ರಿಂದ ಶೇ 89.3ಕ್ಕೆ ಏರಿತು. ಶಿಗೆಲ್ಲಾದ ಪಾಲು ಸುಮಾರು ಎರಡು ಪಟ್ಟಾಯಿತು, ಕ್ಯಾಂಪೈಲೊಬ್ಯಾಕ್ಟರ್‌ನದೂ ಹಾಗೆಯೇ. ಮಕ್ಕಳೂ ಅವರೇ, ಮಲವೂ ಅದೇ. ತಟ್ಟೆ ಅರ್ಧದಷ್ಟು ಶಿಗೆಲ್ಲಾವನ್ನು ಕೈಬಿಟ್ಟಿತ್ತು.

ಶಿಗೆಲ್ಲಾ ಎಂದರೆ ರಕ್ತಭೇದಿ ಎಂಬುದು ವೈದ್ಯಕೀಯ ಪಠ್ಯಗಳ ಪಾಠ. ಮಲದಲ್ಲಿ ರಕ್ತ ಕಂಡರೆ ಆ್ಯಂಟಿಬಯೋಟಿಕ್, ಕಾಣದಿದ್ದರೆ ಓಆರ್‌ಎಸ್ ಮತ್ತು ಜಿಂಕ್ ಎಂದು ಚಿಕಿತ್ಸೆಯ ನಿಯಮವೂ ಅದರ ಮೇಲೆ ನಿಂತಿದೆ. ಬರೀ ನೀರುಭೇದಿಯಾದ ಮಕ್ಕಳಲ್ಲೂ ಶಿಗೆಲ್ಲಾ ಗಣನೀಯವಾಗಿ ಇದೆ ಎಂದು ಡಿಎನ್‌ಎ ತೋರಿಸಿದ ಮೇಲೆ ಆ ನಿಯಮದ ಒಂದು ಕಂಬ ಅಲುಗಿದೆ. ಈ ಹುಡುಕಾಟದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ.

ಸಿಕ್ಕಿದ್ದೆಲ್ಲ ಕಾರಣವಲ್ಲ

ಇಲ್ಲಿಗೆ ಕಥೆ ಮುಗಿದಿದ್ದರೆ ಎಲ್ಲ ಆಸ್ಪತ್ರೆಗೂ ಒಂದೊಂದು ಯಂತ್ರ ಕೊಡಿಸಿ ಎಂದು ಹೇಳಿ ನಿಲ್ಲಿಸಬಹುದಿತ್ತು. ಆದರೆ ಆರೋಗ್ಯವಂತ ಮಕ್ಕಳ ಗುಂಪು ಎಚ್ಚರಿಕೆಯ ಮಾತು ಹೇಳುತ್ತಿದೆ. ಜೆಮ್ಸ್‌ನ ಮೊದಲ ಸುತ್ತಿನಲ್ಲೇ, ಹಳೆಯ ವಿಧಾನಗಳಲ್ಲೇ, ರೋಗಿ ಮಕ್ಕಳಲ್ಲಿ ಶೇ 83 ಮಂದಿಯ ಮಲದಲ್ಲಿ ಯಾವುದಾದರೂ ರೋಗಾಣು ಸಿಕ್ಕಿತ್ತು. ಭೇದಿಯೇ ಇಲ್ಲದ ಮಕ್ಕಳಲ್ಲಿ ಶೇ 72 ಮಂದಿಯಲ್ಲೂ ಸಿಕ್ಕಿತ್ತು. ಚರಂಡಿ, ಕೋಳಿ, ದನ, ಕೈಪಂಪು ಎಲ್ಲ ಒಂದೇ ಅಂಗಳದಲ್ಲಿರುವ ಕಡೆ ಮಕ್ಕಳ ಹೊಟ್ಟೆಗೆ ರೋಗಾಣು ಬರುತ್ತಲೇ, ಹೋಗುತ್ತಲೇ ಇರುತ್ತದೆ.

ಪಿಸಿಆರ್ ಇನ್ನೂ ಸೂಕ್ಷ್ಮ. ಒಂದೇ ಮಗುವಿನಲ್ಲಿ ಮೂರು ನಾಲ್ಕು ರೋಗಾಣುಗಳು ಸಿಗುವುದು ಸಾಮಾನ್ಯ. ಭೇದಿ ತಂದದ್ದು ಅವುಗಳಲ್ಲಿ ಯಾವುದು? ಪ್ರಮಾಣ ನೋಡಿ ಹೇಳಬೇಕು. ಗುಳಿ ಎಷ್ಟನೆಯ ಸುತ್ತಿಗೆ ಬೆಳಗಿತು ಎಂದು ಯಂತ್ರ ಗುರುತಿಸುತ್ತದೆ. ಇಪ್ಪತ್ತನೆಯ ಸುತ್ತಿಗೇ ಬೆಳಗಿದರೆ ರೋಗಾಣು ತುಂಬಾ ಇತ್ತೆಂದು ಅರ್ಥ. ಮೂವತ್ತನೆಯ ಸುತ್ತಿಗೆ ಬೆಳಗಿದರೆ ಅದಕ್ಕಿಂತ ಸುಮಾರು ಸಾವಿರ ಪಟ್ಟು ಕಡಿಮೆ. ರೋಗಿ ಮಕ್ಕಳ ಮತ್ತು ಆರೋಗ್ಯವಂತರ ಪ್ರಮಾಣಗಳನ್ನು ಪಕ್ಕಪಕ್ಕ ಇಟ್ಟು, ಎಷ್ಟು ದಾಟಿದರೆ ಭೇದಿಗೆ ಹೊಣೆ ಮಾಡಬಹುದು ಎಂಬ ಗೆರೆ ಹಾಕಿಕೊಂಡದ್ದೇ 2016ರ ಅಧ್ಯಯನದ ದೊಡ್ಡ ಸಾಧನೆ. ಶಿಗೆಲ್ಲಾಗೆ ಆ ಗೆರೆ ಸ್ಪಷ್ಟ: ಹೆಚ್ಚಿದ್ದಷ್ಟೂ ಭೇದಿ. ಇಎಇಸಿಗೆ ಅಂಥ ಗೆರೆಯೇ ಸಿಗಲಿಲ್ಲ; ಎರಡೂ ಗುಂಪಿನಲ್ಲಿ ಅದು ಹೆಚ್ಚುಕಡಿಮೆ ಸಮನಾಗಿ ಇತ್ತು.

ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಈಗ ಇಪ್ಪತ್ತಕ್ಕೂ ಹೆಚ್ಚು ರೋಗಾಣುಗಳನ್ನು ಸುಮಾರು ಒಂದು ಗಂಟೆಯಲ್ಲಿ ಹುಡುಕುವ ‘ಜಿಐ ಪ್ಯಾನೆಲ್’ ಸಿಗುತ್ತದೆ. ಬೆಲೆ ಸಾವಿರಗಳಲ್ಲಿ. ಇಂಥ ವರದಿಗಳು ಸಾಮಾನ್ಯವಾಗಿ ‘ಇದೆ’ ಅಥವಾ ‘ಇಲ್ಲ’ ಎನ್ನುತ್ತವೆ, ಎಷ್ಟಿದೆ ಎನ್ನುವುದಿಲ್ಲ. ‘ಇದೆ’ ಎಂದು ಕಂಡ ಎಲ್ಲಕ್ಕೂ ಔಷಧ ಕೊಡುತ್ತ ಹೋದರೆ ಆರೋಗ್ಯವಂತ ಮಕ್ಕಳಿಗೂ ಔಷಧ ಕೊಡಬೇಕಾದೀತು. ಸಾದಾ ಭೇದಿಗೆ ಈ ಪರೀಕ್ಷೆ ಬೇಡ. ರೋಗನಿರೋಧಕ ಶಕ್ತಿ ಕುಂದಿದ ಮಗು, ವಾರಗಟ್ಟಲೆ ನಿಲ್ಲದ ಭೇದಿ, ತೀವ್ರ ರಕ್ತಭೇದಿ, ಒಂದೇ ಊರಲ್ಲಿ ಹಲವರಿಗೆ ಒಮ್ಮೆಲೇ ಬಂದ ರೋಗ: ಇಂಥ ಕಡೆ ಅದಕ್ಕೆ ಬೆಲೆಯಿದೆ. ಶಿಗಾ ವಿಷ ಉತ್ಪಾದಿಸುವ ಇ. ಕೊಲೈ ತಳಿಯ ಪತ್ತೆಗಂತೂ ತುಂಬಾ ಬೆಲೆಯಿದೆ, ಏಕೆಂದರೆ ಆ ಸೋಂಕಿನಲ್ಲಿ ಆ್ಯಂಟಿಬಯೋಟಿಕ್ ಕೊಟ್ಟರೆ ಮಗುವಿನ ಮೂತ್ರಪಿಂಡಕ್ಕೆ ಅಪಾಯ ಹೆಚ್ಚಬಹುದು.

ತಟ್ಟೆಯನ್ನು ಎಸೆಯುವಂತೆಯೂ ಇಲ್ಲ. ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಪೂರ್ತಿ ತಿಳಿಯಲು ಜೀವಂತ ಬ್ಯಾಕ್ಟೀರಿಯಾ ಇನ್ನೂ ಬೇಕು. ಡಿಎನ್‌ಎಯಲ್ಲಿ ಶಿಗೆಲ್ಲಾ ಕಂಡ ಮಾದರಿಯನ್ನು ಕೂಡಲೇ ತಟ್ಟೆಗೂ ಹಾಕುವುದು ಸರಿಯಾದ ಕ್ರಮ.

ಭೇದಿಯೇ ಇಲ್ಲದ ಸೋಂಕು

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಗಗನದೀಪ್ ಕಾಂಗ್ ಅವರ ತಂಡ ಭಾಗವಹಿಸಿದ ‘ಮಾಲ್-ಎಡ್’ ಎಂಬ ಅಧ್ಯಯನ ಇನ್ನೊಂದು ದಾರಿ ಹಿಡಿಯಿತು. ಎಂಟು ದೇಶಗಳಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ ಎರಡು ವರ್ಷ ಹಿಂಬಾಲಿಸಿ, ಭೇದಿ ಇದ್ದಾಗಲೂ ಇಲ್ಲದಾಗಲೂ ಮಲ ಸಂಗ್ರಹಿಸಿದರು. 1,715 ಮಕ್ಕಳಿಂದ ಭೇದಿಯ 6,625 ಮಾದರಿಗಳು, ಭೇದಿಯಿಲ್ಲದ 30,968 ಮಾದರಿಗಳು ಡಿಎನ್‌ಎ ಪರೀಕ್ಷೆಗೆ ಒಳಗಾದವು. 2018ರಲ್ಲಿ ಬಂದ ಪಟ್ಟಿಯ ತುದಿಯಲ್ಲಿ ಇದ್ದದ್ದು ಶಿಗೆಲ್ಲಾ. ಎರಡನೆಯ ವರ್ಷದಲ್ಲಿ ಅದರ ಹಾವಳಿ ಹೆಚ್ಚು.

ಹಲ್ಲು ಬರುವಾಗ ಭೇದಿಯಾಗುತ್ತದೆ ಎಂಬ ಅಜ್ಜಿಯ ಮಾತಿನಲ್ಲಿ ಕಾಲದ ಲೆಕ್ಕ ಸರಿಯಿದೆ, ಕಾರಣ ಸರಿಯಿಲ್ಲ. ಆರನೆಯ ತಿಂಗಳ ಆಸುಪಾಸಿಗೆ ತಾಯಿಯಿಂದ ಬಂದ ರಕ್ಷಣೆ ಕರಗುತ್ತಿರುತ್ತದೆ, ಮೇಲುಹಾಲು, ಗಂಜಿ, ರಾಗಿ ಸರಿ ಶುರುವಾಗುತ್ತದೆ, ಮಗು ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಹಲ್ಲೂ ಆಗಲೇ ಬರುತ್ತದೆ.

ಈ ಅಧ್ಯಯನದ ಅತಿ ನೋವಿನ ಸಂಗತಿ ಭೇದಿಯಿಲ್ಲದ ಮಾದರಿಗಳಲ್ಲಿತ್ತು. ಹೊರಗೆ ಯಾವ ಲಕ್ಷಣವೂ ತೋರದೆ ಶಿಗೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್, ಇಎಇಸಿ ಹೊತ್ತ ಮಕ್ಕಳ ಎತ್ತರ ಎರಡು ವರ್ಷದ ಹೊತ್ತಿಗೆ ಇತರರಿಗಿಂತ ಕಡಿಮೆ ಇತ್ತು. ಭೇದಿಗೆ ಕಾರಣವೆಂದು ಹೊರಿಸಲಾಗದ ಇಎಇಸಿ ಇಲ್ಲಿ ಮತ್ತೆ ತಲೆಯೆತ್ತಿದೆ. ಕರುಳು ಸದಾ ಸಣ್ಣಗೆ ಉರಿಯುತ್ತ, ಉಂಡದ್ದು ಮೈಗೆ ಹತ್ತದೆ ಹೋಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಮಗು ಕೆಳಗಿಳಿದಾಗ ತಾಯಿ ಸರಿಯಾಗಿ ಉಣಿಸುತ್ತಿಲ್ಲ ಎಂದು ಗದರುವವರು ಇದನ್ನು ತಿಳಿಯಬೇಕು. ಆಕೆ ಉಣಿಸುತ್ತಿರಬಹುದು. ಉಂಡದ್ದನ್ನು ಹೀರಿಕೊಳ್ಳುವ ಕರುಳೇ ಸೋತಿರಬಹುದು.

ಔಷಧ ಕೊಡಬೇಕೆ?

ನೀರುಭೇದಿಯಲ್ಲೂ ಶಿಗೆಲ್ಲಾ ಇದೆಯೆಂದ ಮೇಲೆ ಎಲ್ಲ ಮಕ್ಕಳಿಗೂ ಆ್ಯಂಟಿಬಯೋಟಿಕ್ ಕೊಟ್ಟುಬಿಟ್ಟರೆ ಆಗದೇ? ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ 8,266 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದರು. ರಕ್ತವಿಲ್ಲದ ಭೇದಿಯಿದ್ದು, ನಿರ್ಜಲೀಕರಣವೋ ಅಪೌಷ್ಟಿಕತೆಯೋ ಇರುವ ಎಳೆಯರಲ್ಲಿ ಅರ್ಧ ಮಂದಿಗೆ ಮೂರು ದಿನ ಅಜಿತ್ರೋಮೈಸಿನ್ ಕೊಟ್ಟು, ಇನ್ನರ್ಧ ಮಕ್ಕಳಿಗೆ ಔಷಧವಿಲ್ಲದ ಸಿರಪ್ ಕೊಟ್ಟರು. 2021ರಲ್ಲಿ ಬಂದ ಉತ್ತರ: ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಆಮೇಲೆ ಮಲದ ಡಿಎನ್‌ಎ ನೋಡಿ ಬ್ಯಾಕ್ಟೀರಿಯಾದಿಂದಲೇ ಭೇದಿ ಬಂದಿರಬಹುದಾದ ಮಕ್ಕಳನ್ನು ಬೇರ್ಪಡಿಸಿದಾಗ ಅವರಿಗೆ ಔಷಧದಿಂದ ಪ್ರಯೋಜನವಾದದ್ದು ಕಂಡಿತು. ಎಲ್ಲರಿಗೂ ಕೊಟ್ಟರೆ ವ್ಯರ್ಥ, ಆರಿಸಿ ಕೊಟ್ಟರೆ ಉಪಯುಕ್ತ. ಆರಿಸಲು ಅಗ್ಗದ, ಬೇಗನೆ ಮುಗಿಯುವ ಪರೀಕ್ಷೆ ಬೇಕು.

ವ್ಯರ್ಥ ಎನ್ನುವುದು ಸಾಲದು, ಅದು ಅಪಾಯವೂ ಹೌದು. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳಿಗೆ ಬಗ್ಗದ ಶಿಗೆಲ್ಲಾವನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಆದ್ಯತೆಯ ರೋಗಾಣುಗಳ ಪಟ್ಟಿಯಲ್ಲಿ ಇರಿಸಿದೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಒಂದೊಂದು ಬಾಟಲಿಯೂ ಆ ಪಟ್ಟಿಯನ್ನು ಉದ್ದ ಮಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಇವತ್ತು ರಾತ್ರಿ ಭೇದಿಯಾಗುತ್ತಿರುವ ಮಗುವಿಗೆ ಬೇಕಾದದ್ದು ಓಆರ್‌ಎಸ್. 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಸಕ್ಕರೆಯ ದ್ರಾವಣ ಕಲಸಿ ಕುಡಿಸಿ, ಶೇ 30ರ ಸುಮಾರಿಗಿದ್ದ ಸಾವನ್ನು ಶೇ 4ಕ್ಕಿಂತ ಕೆಳಗಿಳಿಸಿದ್ದರು. ಜೊತೆಗೆ ಜಿಂಕ್ ಮಾತ್ರೆ, ಭೇದಿ ನಿಂತ ಮೇಲೂ ಬಿಡದೆ ಹದಿನಾಲ್ಕು ದಿನ: ಎರಡರಿಂದ ಆರು ತಿಂಗಳ ಕೂಸಿಗೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡ ಮಕ್ಕಳಿಗೆ 20. ಎದೆಹಾಲು, ಊಟ ನಿಲ್ಲಿಸಬಾರದು. ರಕ್ತ ಕಂಡರೆ, ಮಗು ಕುಡಿಯಲಾರದಷ್ಟು ಸೋತರೆ, ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ 60.6 ಮಂದಿಗೆ, ಜಿಂಕ್ ಶೇ 30.5 ಮಂದಿಗೆ.

ಕೋವಿಡ್ ಬಿಟ್ಟುಹೋದ ಯಂತ್ರಗಳು

ಎಣಿಕೆ ಸರಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಆಸ್ಪತ್ರೆಗಳ ಜಾಲ ಕಟ್ಟಿ, ಭೇದಿಯಿಂದ ದಾಖಲಾದ ಮಕ್ಕಳಲ್ಲಿ ರೋಟಾವೈರಸ್ ಎಷ್ಟೆಂದು ವರ್ಷಗಟ್ಟಲೆ ಲೆಕ್ಕ ಹಾಕಿತು. ಆ ಲೆಕ್ಕದ ಬಲದ ಮೇಲೆ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ರೋಟಾವೈರಸ್ ಲಸಿಕೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಸೇರಿತು. 2019ರಲ್ಲಿ ದೇಶದುದ್ದಕ್ಕೂ ವಿಸ್ತರಿಸಿತು. ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದೂವರೆ ತಿಂಗಳ ಕೂಸಿಗೂ ಅದು ಉಚಿತ.

ರೋಟಾವೈರಸ್ ಹಿಂದೆ ಸರಿದಂತೆ ಉಳಿದ ಭೇದಿಯಲ್ಲಿ ಬ್ಯಾಕ್ಟೀರಿಯಾಗಳ ಪಾಲು ಹೆಚ್ಚಾಗುತ್ತದೆ. ಶಿಗೆಲ್ಲಾಗೆ, ಇಟಿಇಸಿಗೆ ಮಕ್ಕಳಿಗೆಲ್ಲ ಕೊಡಬಹುದಾದ ಲಸಿಕೆ ಇನ್ನೂ ನಮ್ಮ ಕೈಯಲ್ಲಿಲ್ಲ. ಹಲವು ಲಸಿಕೆಗಳು ಪ್ರಯೋಗದ ಹಂತದಲ್ಲಿವೆ. ಯಾವ ಜಿಲ್ಲೆಯಲ್ಲಿ, ಯಾವ ವಯಸ್ಸಿನಲ್ಲಿ, ಶಿಗೆಲ್ಲಾದ ಯಾವ ಬಗೆ ಹೆಚ್ಚು ಎಂದು ತಿಳಿಯದೆ ಲಸಿಕೆ ಬಂದರೂ ಅದನ್ನು ಹೇಗೆ ಹಂಚುವುದು? ವೆಲ್ಲೂರು, ಕೋಲ್ಕತ್ತಾಗಳಲ್ಲಿ ಈ ವಿದ್ಯೆ ಬೇರೂರಿದೆ. ನಮ್ಮ ಕರಾವಳಿಯ ವೈದ್ಯಕೀಯ ಕಾಲೇಜುಗಳ ವಿಜ್ಞಾನಿಗಳೂ ಮಕ್ಕಳ ಭೇದಿಯಲ್ಲಿ ಇ. ಕೊಲೈ ತಳಿಗಳನ್ನು ಪಿಸಿಆರ್‌ನಿಂದ ಹುಡುಕಿ ಪ್ರಕಟಿಸಿದ್ದಾರೆ. ಬೇಕಿರುವುದು ಬಿಡಿ ಅಧ್ಯಯನಗಳನ್ನು ದಾಟಿದ, ವರ್ಷಪೂರ್ತಿ ನಡೆಯುವ ಲೆಕ್ಕ.

ಯಂತ್ರವಿಲ್ಲ ಎಂದು ಈಗ ಹೇಳುವಂತಿಲ್ಲ. ಕೋವಿಡ್ ಕಾಲದಲ್ಲಿ ಜಿಲ್ಲೆ ಜಿಲ್ಲೆಗೂ ಪಿಸಿಆರ್ ಯಂತ್ರ ಬಂತು, ಅದನ್ನು ನಡೆಸುವ ಕೈಗಳೂ ಪಳಗಿದವು. ಅದಕ್ಕೂ ಹಗುರವಾದ ವಿಧಾನವೂ ಬಂದಿದೆ. 2000ದಲ್ಲಿ ಜಪಾನಿನ ವಿಜ್ಞಾನಿಗಳು ವಿವರಿಸಿದ ‘ಲ್ಯಾಂಪ್’ ವಿಧಾನಕ್ಕೆ ಕಾಯಿಸಿ ತಣಿಸುವ ಸುತ್ತುಗಳೇ ಬೇಡ, ಸುಮಾರು 65 ಡಿಗ್ರಿಯ ಒಂದೇ ಶಾಖ ಸಾಕು. ಅದನ್ನು ಆಧರಿಸಿ ಶಿಗೆಲ್ಲಾ ಮತ್ತು ಇಟಿಇಸಿಯನ್ನು ಒಂದು ಗಂಟೆಯೊಳಗೆ ಹುಡುಕುವ ಪರೀಕ್ಷೆಯೊಂದನ್ನು ಆಫ್ರಿಕಾದ ಸಣ್ಣ ಪ್ರಯೋಗಾಲಯಗಳಲ್ಲಿ ಬಳಸಿ ನೋಡಿದ್ದಾರೆ. ರಾಸಾಯನಿಕಗಳು ಒಣಪುಡಿಯ ರೂಪದಲ್ಲಿರುವುದರಿಂದ ಅದಕ್ಕೆ ಫ್ರಿಜ್ ಕೂಡ ಬೇಕಿಲ್ಲ.

ಒಂದು ಜಿಲ್ಲೆಯಲ್ಲಿ ಶುರುಮಾಡಲು ಬೇಕಾದದ್ದು ಇಷ್ಟು: ಭೇದಿಯಿಂದ ದಾಖಲಾದ ಪ್ರತಿ ಮಗುವಿನಿಂದ ಆ್ಯಂಟಿಬಯೋಟಿಕ್ ಕೊಡುವ ಮೊದಲು ಒಂದು ಚಮಚ ಮಲ, ಆಶಾ ಕಾರ್ಯಕರ್ತೆಯ ನೆರವಿನಿಂದ ಅದೇ ಓಣಿಯ, ಅದೇ ವಯಸ್ಸಿನ, ಭೇದಿಯಿಲ್ಲದ ಒಂದು ಮಗುವಿನಿಂದ ಇನ್ನೊಂದು ಚಮಚ, ಕರೆಂಟು ಹೋದರೂ ತಣ್ಣಗಿರುವ ಫ್ರೀಜರ್, ಮತ್ತು ಆ ಎರಡೂ ಮಾದರಿಗಳನ್ನು ಜೋಡಿಯಾಗಿ ಪರೀಕ್ಷಿಸಲು ವಾರಕ್ಕೊಂದು ದಿನ ಬಿಡುವು ಮಾಡಿಕೊಡುವ ಜಿಲ್ಲಾ ಪ್ರಯೋಗಾಲಯ.